ಪೆಟ್ಟಿಗೆಗೆ ಹೋದ ಪದಕ

ಮಸ್ಕತ್ತಿನ ವಾದಿ ಕಬೀರಿನ ಗ್ಯಾರೇಜಿನಲ್ಲಿ ದೂಮಪ್ಪನ ಕೆಲಸವೆಂದರೆ ಕೊಡುವುದು, ವಾಪಸು ತೆಗೆದುಕೊಳ್ಳುವುದು, ಅಷ್ಟೇ. ಬೆಳಿಗ್ಗೆ ಏಳಕ್ಕೆ ಮೆಕ್ಯಾನಿಕ್ಕುಗಳು ಟೂಲ್ ರೂಮಿನ ಕಿಟಕಿಯ ಮುಂದೆ ಸಾಲು ನಿಲ್ಲುತ್ತಿದ್ದರು. ತಮ್ಮ ತಮ್ಮ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಕೊಟ್ಟು ಸ್ಪ್ಯಾನರೋ ಜ್ಯಾಕೋ ಒಯ್ಯುತ್ತಿದ್ದರು. ಸಂಜೆ ಸಾಮಾನು ಒಳಗೆ ಬಂದರೆ ಬಿಲ್ಲೆ ಹೊರಗೆ ಹೋಗುತ್ತಿತ್ತು. ಬರದಿದ್ದರೆ ಆ ಮನುಷ್ಯ ಬಸ್ಸು ಹತ್ತುವ ಹಾಗಿರಲಿಲ್ಲ. ಪಠಾಣನಿರಲಿ, ಮಲೆಯಾಳಿಯಿರಲಿ, ಒಂದೇ ರೂಮಿನಲ್ಲಿ ಮಲಗುವ ಸ್ವಂತ ಊರಿನ ಬೋಜನೇ ಇರಲಿ, ದೂಮಪ್ಪ ಕಿಟಕಿಯಿಂದ ಕೈ ಚಾಚಿ ತುಟಿ ಪಿಟಕ್ಕೆನ್ನದೆ ನಿಲ್ಲುತ್ತಿದ್ದ. ಸಾಮಾನು ಅಂಗೈಗೆ ಬಂದ ಮೇಲೆ ಒಮ್ಮೆ ತಲೆ ಆಡಿಸುತ್ತಿದ್ದ. ಗ್ಯಾರೇಜಿನ ಯಜಮಾನ ಸೌದ, "ಇಲ್ಲಿಗೆ ಬೀಗ ಯಾಕೆ, ದೂಮ ಇದ್ದಾನಲ್ಲ" ಎಂದು ಹಿಂದಿಯಲ್ಲಿ ನಗುತ್ತಿದ್ದ. ಹತ್ತು ವರ್ಷದಲ್ಲಿ ಒಂದು ಸ್ಕ್ರೂಡ್ರೈವರ್ ಕೂಡ ಕಳೆದುಹೋಗಿರಲಿಲ್ಲ.

ಇದು ಎಂಬತ್ತೈದನೇ ಇಸವಿಯ ಜನವರಿಯ ಮಾತು. ಮಾರ್ಚಿಗೆ ದೂಮಪ್ಪನಿಗೆ ಅರವತ್ತು ತುಂಬುವುದಿತ್ತು. ಅರವತ್ತಾದರೆ ವೀಸಾ ಖಲಾಸ್, ಗಂಟುಮೂಟೆ ಕಟ್ಟಿ ಊರಿಗೆ ಹೊರಡಬೇಕು. "ಊರಿಗೆ ಹೋಗುವ ಖುಷಿಯಾ ದೂಮಣ್ಣ?" ಎಂದು ರೂಮಿನವರು ಕೇಳಿದರೆ "ಆಗಬಹುದು" ಎನ್ನುತ್ತಿದ್ದ. ಬೇಜಾರಾ ಎಂದು ಕೇಳಿದರೂ ಅದೇ ಉತ್ತರ. ಇಂಥವನ ಹತ್ತಿರ ಮಾತಾಡುವುದಕ್ಕಿಂತ ಗೋಡೆಯ ಹತ್ತಿರ ಆಡಬಹುದು, ಗೋಡೆಯಾದರೂ ಎದುರುತ್ತರ ಕೊಡುವುದಿಲ್ಲ ಎಂದು ಮೊದಲೇ ಗೊತ್ತಿರುತ್ತದೆ.

ಅವನು ಮೊದಲಿನಿಂದ ಹೀಗೇನೂ ಇರಲಿಲ್ಲ. ಆರು ವರ್ಷದ ಹಿಂದೆ ಪಡುಬಿದ್ರಿಯಲ್ಲಿ ಹೆಂಡತಿ ಅಪ್ಪಿ ತೀರಿಕೊಂಡಾಗ ಅವನು ಮನೆ ಮುಟ್ಟಿದ್ದು ಒಂಬತ್ತನೆಯ ದಿನ. ಅಳು ಬರಲಿಲ್ಲ. ಆಮೇಲೆ ಬರುತ್ತದೆ ಎಂದು ಕಾದ, ಆಮೇಲೂ ಬರಲಿಲ್ಲ. ಬೊಜ್ಜದ, ಉತ್ತರಕ್ರಿಯೆಯ ಊಟಕ್ಕೆ ಬಂದವರಿಗೆ ಬಾಳೆ ಎಲೆ ತೊಳೆದು ಹಾಕಿದ, ರಜೆ ಮುಗಿಯಿತು, ವಿಮಾನ ಹತ್ತಿದ. ಅಂದಿನಿಂದ ಒಳಗೆ ಏನೋ ಜೋಮು ಹಿಡಿದಂತೆ. ಊಟದ ರುಚಿ ತಿಳಿಯುತ್ತಿತ್ತು, ಸೆಕೆ ತಿಳಿಯುತ್ತಿತ್ತು, ಅದರಾಚೆ ಏನೂ ತಿಳಿಯುತ್ತಿರಲಿಲ್ಲ.

ಹೀಗಿದ್ದವನನ್ನು ಹುಡುಕಿಕೊಂಡು ಒಂದು ಮಧ್ಯಾಹ್ನ ಬಾಲಸುಬ್ರಹ್ಮಣ್ಯ ಬಂದರು. ಮೈಸೂರಿನವರು, ದೊಡ್ಡ ಕಂಪನಿಯಲ್ಲಿ ಇಂಜಿನಿಯರು, ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ಮನೆ. ಮಸ್ಕತ್ತಿನ ಕನ್ನಡಿಗರನ್ನೆಲ್ಲ ಸೇರಿಸಿ ವರ್ಷಕ್ಕೆರಡು ಸಮಾರಂಭ ಮಾಡುವ ಹುರುಪು ಅವರದ್ದು. ಕನ್ನಡದಲ್ಲಿ ಮಾತಾಡುವ ಸಿನಿಮಾ ಬಂದು ಐವತ್ತು ವರ್ಷವಾಯಿತೆಂದು ಈ ಸಲ ಅದರದ್ದೇ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಬೆಂಗಳೂರಿನಿಂದ ಬರಬೇಕಿದ್ದ ನಟ ತನ್ನ ಜೊತೆ ಇನ್ನೂ ಆರು ಜನರಿಗೆ ಟಿಕೆಟ್ ಕೇಳಿ ಇವರ ಎದೆ ಒಡೆದಿದ್ದ. ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಬೋಜ, "ನಮ್ಮ ರೂಮಿನಲ್ಲೇ ಒಬ್ಬರು ಇದ್ದಾರೆ ಸಾರ್, ಸಣ್ಣದಿರುವಾಗ ಟಾಕಿಯಲ್ಲಿ ಹಾಡಿದವರು. ಚಿನ್ನದ ಪದಕ ಸಿಕ್ಕಿತ್ತಂತೆ" ಎಂದು ಬಾಯಿಬಿಟ್ಟಿದ್ದ.

"ಏನ್ ಸ್ವಾಮಿ ನೀವು! ಇಂಥಾ ಚರಿತ್ರೆ ಇಟ್ಕೊಂಡು ಇಲ್ಲಿ ಸ್ಪ್ಯಾನರ್ ಹಂಚ್ತಾ ಕೂತಿದೀರಲ್ಲ!" ಎಂದು ಬಾಲಸುಬ್ರಹ್ಮಣ್ಯ ಕಿಟಕಿಯ ಎರಡೂ ಕಂಬಿ ಹಿಡಿದುಕೊಂಡರು. "ಆ ಪದಕ ಇದ್ಯಾ? ಸ್ಟೇಜ್ ಮೇಲೆ ತೋರಿಸೋಣ."

"ಇಲ್ಲ."

"ಹೋಗ್ಲಿ ಬಿಡಿ. ನಾವೇ ಒಂದು ಮಾಡಿಸಿ ಹಾಕ್ತೀವಿ, ನಿಮ್ಮ ಹೆಸರು ಕೊರೆಸಿ. ಫೋಟೋ ಆದ್ರೂ ಇದ್ಯಾ, ಆಗಿನದು?"

ದೂಮಪ್ಪ ಕೈಯಲ್ಲಿದ್ದ ಬಿಲ್ಲೆಯನ್ನು ಹಲಗೆಗೆ ತೂಗುಹಾಕಿದ. "ಮಗಳ ಹತ್ತಿರ ಉಂಟು" ಎಂದ.

ಆ ಫೋಟೋದ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮೂವತ್ತನಾಲ್ಕರ ಸುಮಾರಿಗೆ ಮಂಗಳೂರಿನಲ್ಲಿ ಬಿಡಾರ ಹೂಡಿದ್ದ ಒಂದು ನಾಟಕ ಕಂಪನಿ, ಒಂಬತ್ತು ವರ್ಷದ ದೂಮಪ್ಪನ ಕಂಠ ಕೇಳಿ ಅವನನ್ನು ಎತ್ತಿ ಹಾಕಿಕೊಂಡು ಹೋಯಿತು. ಮೂರು ವರ್ಷದಲ್ಲಿ ಕಂಪನಿಯ ಯಜಮಾನರಿಗೆ ಟಾಕಿಯ ಹುಚ್ಚು ಹತ್ತಿ, ಇಡೀ ದಂಡನ್ನು ಮದರಾಸಿಗೆ ಕರೆದೊಯ್ದು ತಮ್ಮದೇ ಒಂದು ಪೌರಾಣಿಕ ನಾಟಕವನ್ನು ಸಿನಿಮಾ ಮಾಡಿಸಿದರು. ಆಶ್ರಮದ ಬಾಲಕನ ವೇಷ ದೂಮಪ್ಪನಿಗೆ. ಮಾವಿನ ಕೊಂಬೆಯ ಎಲೆಯೊಳಗೆ ಮೈಕು ಅಡಗಿಸಿ ಕೆಳಗೆ ಅವನನ್ನು ಕೂರಿಸಿದರು. ಹಾಡುವವನೂ ಅವನೇ, ನಟಿಸುವವನೂ ಅವನೇ. ಹಾರ್ಮೋನಿಯಂ, ತಬಲದವರು ಪೊದೆಯ ಹಿಂದೆ ಕುಕ್ಕರುಗಾಲಲ್ಲಿ. ಕಾಗೆ ಕೂಗಿದರೆ ಎಲ್ಲ ಹಾಳು, ಮೊದಲಿನಿಂದ ಶುರು. ಕಾಗೆ ಓಡಿಸಲಿಕ್ಕೆಂದೇ ಸಂಬಳ ಕೊಟ್ಟು ಇಬ್ಬರನ್ನು ಇಟ್ಟಿದ್ದರು, ಆದರೂ ಆ ಒಂದು ಹಾಡನ್ನು ಹನ್ನೊಂದು ಸಲ ಹಾಡಿದ. ಹನ್ನೊಂದನೆಯ ಸಲ ಹಾಡುವಾಗ ಅವನಿಗೆ ನಿಜವಾಗಿ ಕಣ್ಣೀರು ಬಂದಿತ್ತು, ಹಸಿವೆಗೆ. ಜನ ಭಕ್ತಿಯೆಂದುಕೊಂಡರು.

ಆ ಕಾಲದಲ್ಲಿ ಸಿನಿಮಾಕ್ಕೆ ಸರಕಾರದ ಪ್ರಶಸ್ತಿ ಎಲ್ಲಿಂದ ಬರಬೇಕು? ಊರೂರಿನ ಚಿತ್ರಪ್ರೇಮಿ ಸಂಘದವರು, ಟಾಕೀಸಿನ ಮಾಲೀಕರು, ಜವಳಿ ಸಾಹುಕಾರರು ಕೊಟ್ಟ ಪದಕವೇ ಪ್ರಶಸ್ತಿ. ಪೇಪರಿನಲ್ಲಿ ಮೂರು ಸಾಲು ಬಂದರೆ ಅದೇ ಕೀರ್ತಿ. ಐವತ್ತನೆಯ ದಿನ ಟಾಕೀಸಿನ ವೇದಿಕೆಯ ಮೇಲೆ ಪಾತ್ರಧಾರಿಗಳನ್ನೆಲ್ಲ ವೇಷದಲ್ಲೇ ನಿಲ್ಲಿಸಿ, ಬಾಲಕನ ಗಾಯನಕ್ಕೆ ಚಿನ್ನದ ಪದಕ ಎಂದು ಕೂಗಿದರು. ಸಂಘದ ಅಧ್ಯಕ್ಷರು ಅವನ ಎದೆಗೆ ಪಿನ್ನು ಚುಚ್ಚಿದರು. ನಾಯಕಿ ಭುಜದ ಮೇಲೆ ಕೈ ಇಟ್ಟಳು. ಢಬ್ ಎಂದು ಬೆಳಕು ಹೊತ್ತಿ ಫೋಟೋ ಆಯಿತು. ಹನ್ನೆರಡು ವರ್ಷದ ಜೀವ, ಎದೆ ಎರಡು ಅಂಗುಲ ಮುಂದೆ ಬಂದಿತ್ತು.

ಪರದೆ ಇಳಿಯಿತು. ಸೈಡ್ ವಿಂಗಿನಲ್ಲಿ ಸಾಮಾನಿನ ಗುರುವ ಎಂದಿನಂತೆ ತಗಡಿನ ಪೆಟ್ಟಿಗೆ ತೆರೆದು ನಿಂತಿದ್ದ. ಮುಖದ ಬಣ್ಣ ಒರೆಸುವ ಮೊದಲು ಕಿರೀಟ, ಸರ, ಭುಜಕೀರ್ತಿ ಎಲ್ಲ ಅವನಿಗೆ ಒಪ್ಪಿಸಬೇಕು, ಅವನು ತಲೆ ಆಡಿಸಬೇಕು, ಆಮೇಲೆಯೇ ನೀರಿನ ಹಂಡೆಯ ಕಡೆ ಹೋಗಬೇಕು. ಅದು ಕಂಪನಿಯ ಕಟ್ಟಳೆ, ಯಜಮಾನರ ಸ್ವಂತ ಮಗನಿಗೂ ಬಿಡುಗಡೆಯಿಲ್ಲ. ದೂಮಪ್ಪ ಜಪಸರ ಕೊಟ್ಟು ಹೊರಟ. ಗುರುವ ಬೆರಳಲ್ಲೇ ಪದಕ ತೋರಿಸಿದ.

"ಇದೂ."

"ಇದು ನನಗೆ ಕೊಟ್ಟದ್ದು."

"ಸ್ಟೇಜಿನ ಮೇಲೆ ಕೊಟ್ಟದ್ದೆಲ್ಲ ಕಂಪನಿಯದ್ದು ಮಗಾ. ಬರುವ ವಾರ ಇನ್ನೊಂದು ಊರಿನಲ್ಲಿ ಕೊಡಬೇಕಲ್ಲ."

ಕೊಟ್ಟರು ಕೂಡ. ಏಳು ಊರುಗಳಲ್ಲಿ, ಏಳು ಸಾಹುಕಾರರ ಹೆಸರಿನಲ್ಲಿ, ಅದೇ ಒಂದು ಪದಕವನ್ನು ಅವನ ಎದೆಗೆ ಚುಚ್ಚಿದರು. ಅಂಚಿನಲ್ಲಿ ಸಣ್ಣ ತಗ್ಗು ಇತ್ತು, ಅದರಿಂದ ಗೊತ್ತಾಗುತ್ತಿತ್ತು. ಏಳು ಸಲವೂ ಪರದೆಯ ಹಿಂದೆ ಬಂದು ತಾನೇ ಪಿನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿದ. ಎರಡನೆಯ ಊರಿನ ನಂತರ ಗುರುವ ಕೇಳುವ ಅಗತ್ಯವೂ ಬೀಳಲಿಲ್ಲ. ಕಂಠ ಒಡೆದ ಮೇಲೂ ಸಣ್ಣಪುಟ್ಟ ವೇಷ ಕಟ್ಟುತ್ತ, ಇಪ್ಪತ್ತನಾಲ್ಕನೆಯ ವಯಸ್ಸಿನವರೆಗೂ ಅವನು ಕಂಪನಿಯಲ್ಲೇ ಉಳಿದ. ಕಂಪನಿ ಮುಳುಗಿದ ಮೇಲೆ ಬಸ್ ಕಂಪನಿಯೊಂದರ ಬಿಡಿಭಾಗದ ಗೋದಾಮು ಸೇರಿದ. ಅಲ್ಲಿಂದ ಮಸ್ಕತ್ತಿಗೆ.

ಮದುವೆಯಾದ ಹೊಸತರಲ್ಲಿ ಅಪ್ಪಿಗೆ ಫೋಟೋ ತೋರಿಸಿ, "ಚಿನ್ನದ ಪದಕ" ಎಂದಿದ್ದ. ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ಹೌದಾ! ಎಲ್ಲಿ ಉಂಟು ಅದು?" ಎಂದು ಅವಳು ಕಣ್ಣರಳಿಸಿದಾಗ, ಹೊಸ ಹೆಂಡತಿಯ ಮುಂದೆ ಕಿತ್ತುಕೊಂಡರು ಎನ್ನಲು ನಾಲಿಗೆ ಹೊರಳಲಿಲ್ಲ. "ಉಂಟು, ಒಂದು ಕಡೆ" ಎಂದುಬಿಟ್ಟ. ಎಷ್ಟು ಸಣ್ಣ ಸುಳ್ಳು! ಆದರೆ ಅಪ್ಪಿ ಬಿಡುವ ಹೆಣ್ಣಲ್ಲ. ಫೋಟೋದಲ್ಲಿ ನಾಯಕಿಯ ಮುಖ ಅರ್ಧ ಕತ್ತರಿಸಿಹೋಗಿತ್ತು, ಭುಜದ ಮೇಲಿನ ಬಳೆ ತುಂಬಿದ ಕೈ ಮಾತ್ರ ಪೂರ್ತಿ ಬಿದ್ದಿತ್ತು. ಅಪ್ಪಿ ಆ ಕೈಯನ್ನು ವರ್ಷಗಟ್ಟಲೆ ನೋಡಿದಳು. ಹನ್ನೆರಡು ವರ್ಷದ ಹುಡುಗನಿಗೆ ಎಂಥ ಪ್ರೇಮ ಮಾರಾಯ್ತಿ ಎಂದು ಯಾರಾದರೂ ಕೇಳಿದರೆ, "ಇಪ್ಪತ್ತನಾಲ್ಕರವರೆಗೆ ಅಲ್ಲೇ ಇದ್ದರಲ್ಲ" ಎನ್ನುತ್ತಿದ್ದಳು. ಜಗಳವಾದಾಗಲೆಲ್ಲ ಮಾತು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು: ಅದನ್ನು ಯಾರಿಗೆ ಕೊಟ್ಟಿರಿ?

ಆಸ್ಪತ್ರೆಯಿಂದ ಬಂದ ಕೊನೆಯ ಕಾಗದದಲ್ಲೂ ಅದೇ ಇತ್ತು. ಅಪ್ಪಿ ಹೇಳಿದ್ದನ್ನು ಮಗಳು ದಮಯಂತಿ ಬರೆದಿದ್ದಳು: ಈಗಲಾದರೂ ಹೇಳಿ, ನಾನು ಬೈಯುವುದಿಲ್ಲ. ದೂಮಪ್ಪ ಎರಡು ದಿನ ಯೋಚಿಸಿ ಉತ್ತರ ಬರೆದ: ಆರೋಗ್ಯ ನೋಡಿಕೊ, ಇಲ್ಲಿ ಸೆಕೆ ಜೋರು. ಅದನ್ನು ತಾಯಿಗೆ ಓದಿ ಹೇಳಿದವಳೂ ದಮಯಂತಿಯೇ.

ಅದೇ ದಮಯಂತಿ ಈಗ ಮಸ್ಕತ್ತಿನ ಅಂಚಿನ ಸೀಬಿನಲ್ಲಿದ್ದಳು. ಗಂಡನಿಗೆ ಏರ್‌ಪೋರ್ಟಿನಲ್ಲಿ ಕೆಲಸ, ಸೂಕಿನ, ಅಂದರೆ ಪೇಟೆಬೀದಿಯ, ಹಿಂದೆ ಎರಡು ಕೋಣೆಯ ಫ್ಲ್ಯಾಟು. ಅಪ್ಪ ಮಗಳು ಒಂದೇ ಊರಿನಲ್ಲಿದ್ದೂ ಅವನು ವಾದಿ ಕಬೀರಿನ ಆರು ಮಂಚದ ರೂಮಿನಲ್ಲಿ ಮಲಗುತ್ತಿದ್ದನೆಂದರೆ ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳಿಗೊಂದು ಶುಕ್ರವಾರ ಟ್ಯಾಕ್ಸಿ ಹಂಚಿಕೊಂಡು ಹೋಗಿ ಊಟ ಮಾಡಿ ಬರುತ್ತಿದ್ದ. ಅವಳು ಬಡಿಸುತ್ತಿದ್ದಳು, ಅವನು ಉಣ್ಣುತ್ತಿದ್ದ.

ಆ ಶುಕ್ರವಾರ ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು ಕಲೆಸುತ್ತ ಅವನು ಫೋಟೋ ಕೇಳಿದ. ದಮಯಂತಿ ಸೌಟು ಪಾತ್ರೆಗೆ ಬಿಟ್ಟಳು.

"ಅದು ಎಂತಕ್ಕೆ ಈಗ?"

"ಕನ್ನಡದವರು ಸನ್ಮಾನ ಮಾಡುತ್ತಾರಂತೆ. ಹೊಸ ಪದಕ ಹಾಕುತ್ತಾರಂತೆ."

"ಹಳೆಯದು ಎಲ್ಲಿ ಹೋಯಿತು ಅಂತ ಅವರು ಕೇಳಲಿಲ್ಲವಾ? ಕೇಳಿದರೆ ಇಲ್ಲಿ ಸೆಕೆ ಜೋರು ಅಂತ ಹೇಳಿ."

ದೂಮಪ್ಪ ಮುಳ್ಳು ಬಿಡಿಸಿದ. ಹೇಳಬೇಕೆಂದು ಬಾಯಿ ತೆರೆದರೂ ಬಂದದ್ದು ಬೇರೆ ಮಾತು. "ಇದನ್ನು ನಿನಗೆ ಕೊಡುತ್ತೇನೆ. ಸ್ಟೇಜಿನಿಂದ ಇಳಿದು ಸೀದಾ ನಿನ್ನ ಕೈಗೆ. ನಿನ್ನ ಅಮ್ಮನಿಗೆ ಕೊಟ್ಟ ಹಾಗೆ ಅಂತ ಇಟ್ಟುಕೋ."

"ಅಮ್ಮ ಕೇಳಿದ್ದು ಪದಕ ಅಲ್ಲ" ಎಂದು ದಮಯಂತಿ ಎದ್ದು ಹೋದಳು. ಒಳಗೆ ಟ್ರಂಕು ಕಿರುಗುಟ್ಟಿತು. ಫೋಟೋ ತಂದು ಅವನ ತಟ್ಟೆಯ ಪಕ್ಕದಲ್ಲಿ ಇಟ್ಟಳು. "ನಾನು ಬರುತ್ತೇನೆ, ನೋಡುವ. ಆದರೆ ಒಂದು ಮಾತು ಅಪ್ಪ. ಇದನ್ನೂ ಯಾರಿಗಾದರೂ ಕೊಟ್ಟು ಕೈ ಬೀಸಿಕೊಂಡು ಬಂದಿರೋ, ಮಾರ್ಚಿನಲ್ಲಿ ನಿಮ್ಮನ್ನು ವಿಮಾನ ಹತ್ತಿಸಲಿಕ್ಕೂ ನಾನು ಬರುವುದಿಲ್ಲ. ಅಮ್ಮನ ಆಣೆ."

ಆ ಮೇಲೆ ಎರಡು ವಾರ ದೂಮಪ್ಪ ಒಂದೇ ಒಂದು ವಿಷಯ ಬಾಯಿಪಾಠ ಮಾಡಿದ. ಪದಕ ಹಾಕಿಸಿಕೊಳ್ಳುವುದು, ನಮಸ್ಕಾರ ಮಾಡುವುದು, ಮೆಟ್ಟಿಲಿಳಿಯುವುದು, ದಮಯಂತಿಯ ಕೈಗೆ ಇಡುವುದು. ಸ್ಪ್ಯಾನರ್ ಹಂಚುವಾಗಲೂ ಅದೇ. ಖುಷಿಯೆಂದಲ್ಲ, ಹೆದರಿಕೆಯೆಂದೂ ಅಲ್ಲ. ಮಾಡಬೇಕಾದ ಕೆಲಸ, ಮಾಡಿ ಮುಗಿಸಬೇಕು.

ಸಮಾರಂಭ ವಾದಿ ಕಬೀರಿನ ಶಾಲೆಯ ಹಾಲಿನಲ್ಲಿ, ಶುಕ್ರವಾರ ಸಂಜೆ ಐದಕ್ಕೆ. ಮಲ್ಲಿಗೆ ಮುಡಿದ ಹೆಂಗಸರು, ಇಂಗ್ಲಿಷಿನಲ್ಲಿ ಕಚ್ಚಾಡುವ ಮಕ್ಕಳು, ಹಿಂದಿನ ಸಾಲಿನಲ್ಲಿ ಗ್ಯಾರೇಜಿನವರು. ದಮಯಂತಿ ಎರಡನೆಯ ಸಾಲಿನ ತುದಿಯಲ್ಲಿ ಕೂತಿದ್ದಳು. ಬಾಲಸುಬ್ರಹ್ಮಣ್ಯರು ಇಪ್ಪತ್ತು ನಿಮಿಷ ಮಾತಾಡಿದರು, ಫೋಟೋವನ್ನು ದೊಡ್ಡದು ಮಾಡಿಸಿ ಹಿಂದೆ ತೂಗುಹಾಕಿದ್ದರು. ಬ್ಯಾಂಕಿನ ಮ್ಯಾನೇಜರರೊಬ್ಬರು ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಾರ ಹಾಕಿ, ಕೊನೆಗೆ ಎದೆಗೆ ಪದಕ ಚುಚ್ಚಿದರು. ಚಿನ್ನದ ನೀರು ಕುಡಿಸಿದ್ದು, ಹಿಂದುಗಡೆ ಅವನ ಹೆಸರು ಕೊರೆದದ್ದು. ಎರಡು ಸಾಲು ಹಾಡಿ ಎಂದು ಮೈಕು ಮುಂದೆ ಹಿಡಿದರು. ಹಾಡಿದ. ನಡುವೆ ಸ್ವರ ಬಿದ್ದುಹೋಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ದೂಮಪ್ಪ ತನ್ನೊಳಗೆ ಏನಾದರೂ ಆಗುತ್ತದೆಯೋ ಎಂದು ನೋಡಿದ. ಆಗಲಿಲ್ಲ. ಲೈಟಿಗೆ ಕಣ್ಣು ಚುಚ್ಚುತ್ತಿತ್ತು, ಅಷ್ಟೇ.

ಅಷ್ಟರಲ್ಲಿ ಪರದೆ ಎಳೆದರು. ಮುಂದಿನದು ಒಂದು ಪೌರಾಣಿಕ ಪ್ರಹಸನ, ವೇದಿಕೆ ಖಾಲಿಯಾಗಬೇಕಿತ್ತು. ಯಾರೋ, "ಹೀಗೆ ಬನ್ನಿ, ಹೀಗೆ" ಎಂದು ಅವನನ್ನು ಮೆಟ್ಟಿಲ ಕಡೆ ಬಿಡದೆ ಸೈಡ್ ವಿಂಗಿಗೆ ನೂಕಿದರು. ಅಲ್ಲಿ ಅರೆಗತ್ತಲೆ, ಬಣ್ಣದ ವಾಸನೆ. ಪ್ರಹಸನದ ಸಾಮಾನಿನ ಜವಾಬ್ದಾರಿ ಹೊತ್ತ ಬೋಜ, ತಗಡಿನ ಟ್ರಂಕು ತೆರೆದು, ಎರಡು ಕೈಯಲ್ಲೂ ರಟ್ಟಿನ ಕಿರೀಟ ಹಿಡಿದು ನಿಂತಿದ್ದ.

ದೂಮಪ್ಪ ಅವನ ಮುಂದೆ ನಿಂತ. ಪೇಟ ತೆಗೆದು ಟ್ರಂಕಿನೊಳಗೆ ಇಟ್ಟ. ಶಾಲು ಮಡಚಿ ಇಟ್ಟ. ಹಾರ ಇಟ್ಟ. ಎದೆಯ ಪಿನ್ನು ಬಿಚ್ಚಿ ಪದಕವನ್ನು ಹಾರದ ಮೇಲೆ ಇಟ್ಟ. ಬೋಜನಿಗೆ ನೂರು ತಾಪತ್ರಯ, ಆಮೇಲೆ ಕೊಟ್ಟರಾಯಿತು ಎಂದುಕೊಂಡು ಹ್ಞೂಂ ಎಂದು ತಲೆ ಆಡಿಸಿದ. ದೂಮಪ್ಪ ಅಲ್ಲಿಂದ ಹೊರಗಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯತೊಡಗಿದ. ಹಣೆ, ಕಿವಿಯ ಹಿಂದೆ, ಕತ್ತಿನ ಸಂದು. ಮುಖದ ಮೇಲೆ ಒಂದು ಚಿಟಿಕೆ ಬಣ್ಣವೂ ಇರಲಿಲ್ಲ.

"ಅಪ್ಪಾ."

ದಮಯಂತಿ ವಿಂಗಿನ ಬಾಗಿಲಲ್ಲಿ ನಿಂತಿದ್ದಳು. ಚಪ್ಪಾಳೆಯ ನಡುವೆಯೇ ಎದ್ದು ಒಳಗೆ ಬಂದಿದ್ದಳು, ಎಲ್ಲವನ್ನೂ ನೋಡಿದ್ದಳು. ದೂಮಪ್ಪನ ಒದ್ದೆ ಕೈ ಎದೆಗೆ ಹೋಯಿತು. ಅಂಗಿಯಲ್ಲಿ ಪಿನ್ನಿನ ಎರಡು ತೂತು ಸಿಕ್ಕಿದವು. ಅಯ್ಯೋ ದೇವರೇ. ಎರಡು ವಾರ ಬಾಯಿಪಾಠ ಮಾಡಿದ್ದು ಒಂದೇ ಕೆಲಸ, ಅದನ್ನೂ ಕೈ ಕೆಡಿಸಿತ್ತು.

"ನಾನು… ಯಾರಿಗೂ ಕೊಡಲಿಲ್ಲ ದಮಯಂತಿ. ಪೆಟ್ಟಿಗೆಗೆ…"

"ನೋಡಿದೆ" ಎಂದಳು. ಅವಳ ಸ್ವರದಲ್ಲಿ ಸಿಟ್ಟು ಇರಲಿಲ್ಲ, ಅದೇ ಅವನಿಗೆ ವಿಚಿತ್ರವೆನಿಸಿತು. "ಆಗಲೂ ಹೀಗೇನಾ?"

"ಹೀಗೇ."

"ಅವರು ಕೇಳಿ ತೆಗೆದುಕೊಂಡರಾ?"

"ಮೊದಲ ಎರಡು ಸಲ ಕೇಳಿದರು. ಆಮೇಲೆ ನಾನೇ ಹಾಕಿದೆ. ಏಳು ಸಲ." ನಲ್ಲಿ ಹರಿಯುತ್ತಲೇ ಇತ್ತು. ಅವನು ಅದನ್ನು ಬಿಗಿಯಾಗಿ ತಿರುಗಿಸಿದ. "ಒಂದೇ ಪದಕ, ಏಳು ಊರು. ಅಂಚಿನಲ್ಲಿ ತಗ್ಗು ಇತ್ತು."

ದಮಯಂತಿ ಒಳಗೆ ಹೋದಳು. "ಅಕ್ಕಾ, ಅದು ನಾಟಕದ್ದು, ಮುಟ್ಟಬೇಡಿ" ಎಂದು ಬೋಜ ಕೂಗಿದ್ದು ಕೇಳಿಸಿತು. "ಸುಮ್ಮನಿರಿ, ಇದು ನನ್ನ ಅಪ್ಪನದ್ದು" ಎಂದು ಅವಳು ಗದರಿಸಿದ್ದೂ ಕೇಳಿಸಿತು. ಹಾರ, ಶಾಲು ಎಲ್ಲ ಅಲ್ಲೇ ಬಿಟ್ಟು, ಪದಕವೊಂದನ್ನೇ ಮುಷ್ಟಿಯಲ್ಲಿ ಹಿಡಿದು ಬಂದಳು. ಅವನಿಗೆ ಚುಚ್ಚಲಿಲ್ಲ. ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು.

"ನಡೆಯಿರಿ. ಇವತ್ತು ರೂಮಿಗೆ ಹೋಗುವುದು ಬೇಡ. ಇವರು ಕಾರು ತಂದಿದ್ದಾರೆ."

ಸೀಬಿನ ದಾರಿ ಉದ್ದಕ್ಕೂ ದಮಯಂತಿಯ ಗಂಡ ರೇಡಿಯೋ ಹಾಕಿಕೊಂಡು ಓಡಿಸಿದ. ಅಪ್ಪ ಮಗಳು ಹಿಂದಿನ ಸೀಟಿನಲ್ಲಿದ್ದರು. ಬ್ಯಾಗು ಇಬ್ಬರ ನಡುವೆ ಇತ್ತು. ಏರ್‌ಪೋರ್ಟಿನ ದೀಪಗಳು ಕಾಣತೊಡಗಿದಾಗ ದಮಯಂತಿ ಮೆಲ್ಲಗೆ, "ಇಷ್ಟೇ ಅಲ್ಲವಾ ಅಪ್ಪ. ಇದನ್ನು ಅಮ್ಮನಿಗೆ ಹೇಳಿದ್ದರೆ ಎಂತ ಆಗುತ್ತಿತ್ತು?" ಎಂದಳು.

"ಕಿತ್ತುಕೊಂಡರು ಅಂದರೆ, ಕೊಟ್ಟದ್ದೂ ಸುಳ್ಳು ಅಂತ ಆಗುತ್ತಿತ್ತು. ಅವಳೊಬ್ಬಳು ಅದನ್ನು ನಿಜ ಅಂತ ನಂಬಿದ್ದಳು. ಹೊಟ್ಟೆ ಉರಿಸಿಕೊಂಡಾದರೂ ನಂಬಿದ್ದಳು."

ದಮಯಂತಿ ಮುಖ ಕಿಟಕಿಯ ಕಡೆ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು. ದೂಮಪ್ಪ ತನಗೂ ಬರುತ್ತದೆಯೋ ಎಂದು ಕಾದ. ಬರಲಿಲ್ಲ. ಅಂಗಿಯ ಎರಡು ತೂತುಗಳ ಮೇಲೆ ಬೆರಳಾಡಿಸುತ್ತ, ಟೂಲ್ ರೂಮಿನಲ್ಲಿ ಲೆಕ್ಕ ಒಪ್ಪಿಸುವ ಅದೇ ಚಪ್ಪಟೆ ಸ್ವರದಲ್ಲಿ ಹೇಳಿದ:

"ಇಪ್ಪತ್ತೈದು ವರ್ಷ ಅವಳು ಕೇಳಿದ್ದು ಒಂದೇ ಪ್ರಶ್ನೆ ದಮಯಂತಿ. ನನಗೆ ಉತ್ತರ ಗೊತ್ತಿತ್ತು."